ಗೆಲಿಲಿಯೋ ಮಾತು ಹಿಂತೆಗೆದುಕೊಂಡದ್ದು ಸರಿಯೇ? ಈ ಪ್ರಬಂಧಕ್ಕೆ ಎಷ್ಟು ಅಂಕ ಕೊಡಲಿ?

ಹಳ್ಳಿ ಶಾಲೆ ಟೀಚರ್
ಜನವರಿ 6, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಒಂಬತ್ತನೇ ತರಗತಿಯವರಿಂದ ತಿಂಗಳಿಗೊಂದು ಪ್ರಬಂಧ ಬರೆಸುವುದು ರೂಢಿ. ಗ್ರಂಥಾಲಯದ ಮಹತ್ವ, ಪರಿಸರ ಸಂರಕ್ಷಣೆ, ರಾಷ್ಟ್ರೀಯ ಹಬ್ಬಗಳು ಅಂದರೆ ಮಕ್ಕಳಿಗೆ ಕಷ್ಟವೇ ಇಲ್ಲ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಮೂರೂ ಗೈಡಿನಲ್ಲಿ ಸಿಗುತ್ತವೆ. ಮೂವತ್ತು ಪುಸ್ತಕ ತಿದ್ದಿದರೆ ಒಂದೇ ಪುಸ್ತಕವನ್ನು ಮೂವತ್ತು ಸಲ ತಿದ್ದಿದ ಹಾಗೆ.

ಅದಕ್ಕೇ ಈ ಸಲ ಬೇರೆ ಮಾಡಿದೆ. ಎರಡು ವಾರ ಮುಂಚೆ ತರಗತಿಯಲ್ಲಿ ಗ್ರೀಕರ ಅಂತಿಗೊನೆ ನಾಟಕದ ಕಥೆ ಹೇಳಿದ್ದೆ. ದೊರೆ ಬೇಡವೆಂದರೂ ಸತ್ತ ಅಣ್ಣನ ಹೆಣಕ್ಕೆ ಮಣ್ಣು ಹಾಕಿ, ಅದಕ್ಕಾಗಿ ಸಾಯುವ ಹುಡುಗಿಯ ಕಥೆ ಅದು. ವಿಜ್ಞಾನದ ಮೇಷ್ಟ್ರು ದೂರದರ್ಶಕದ ಬಗ್ಗೆ ಹೇಳುವಾಗ ಗೆಲಿಲಿಯೋ ವಿಚಾರಣೆಯ ಮಾತು ಎತ್ತಿದ್ದರಂತೆ. ದೂರದರ್ಶಕದಲ್ಲಿ ಗುರುಗ್ರಹದ ಚಂದ್ರರನ್ನು ಕಂಡ ಇಟಲಿಯ ವಿಜ್ಞಾನಿ ಅವನು. ಭೂಮಿ ಚಲಿಸುತ್ತದೆ ಎಂದದ್ದಕ್ಕೆ ರೋಮಿನ ಚರ್ಚು ಅವನನ್ನು ವಿಚಾರಣೆ ಮಾಡಿ, ಆ ಮಾತನ್ನು ಹಿಂತೆಗೆದುಕೊಳ್ಳುವಂತೆ ಮಾಡಿತು. ಎರಡನ್ನೂ ಸೇರಿಸಿ, 'ಗೆಲಿಲಿಯೋ ತನ್ನ ಮಾತು ಹಿಂತೆಗೆದುಕೊಂಡದ್ದು ಸರಿಯೇ?' ಎಂದು ಕೊಟ್ಟೆ.

ಹೆಚ್ಚಿನವರು ಒಂದೇ ಕಥೆ ಬರೆದಿದ್ದಾರೆ. ಮಂಡಿಯೂರಿ ಕ್ಷಮೆ ಕೇಳಿದ, ಎದ್ದು ನಿಂತು ನೆಲಕ್ಕೆ ಕಾಲು ಒದ್ದು 'ಆದರೂ ಅದು ಚಲಿಸುತ್ತದೆ' ಅಂದ, ಸತ್ಯಕ್ಕೆ ಸಾವಿಲ್ಲ. ಒಬ್ಬ ಹುಡುಗಿ ಮಾತ್ರ ಹೀಗೆ ಬರೆದಿದ್ದಾಳೆ (ಅವಳ ಒಪ್ಪಿಗೆ ಕೇಳಿಯೇ ಹಾಕುತ್ತಿದ್ದೇನೆ, ಕಾಗುಣಿತ ಮಾತ್ರ ತಿದ್ದಿದ್ದೇನೆ):

"ಗೆಲಿಲಿಯೋ ಸುಳ್ಳು ಹೇಳಿದ. ಪುಣ್ಯಕೋಟಿ ಸುಳ್ಳು ಹೇಳಲಿಲ್ಲ, ಕರುವಿಗೆ ಹಾಲು ಕೊಟ್ಟು ಹುಲಿಯ ಹತ್ತಿರ ವಾಪಸು ಬಂದಳು. ಅಂತಿಗೊನೆಯೂ ಸುಳ್ಳು ಹೇಳಲಿಲ್ಲ, ಅಣ್ಣನಿಗೆ ಮಣ್ಣು ಹಾಕಿದ್ದು ನಾನೇ ಅಂದಳು. ಆದರೆ ಪುಣ್ಯಕೋಟಿ ವಾಪಸು ಬರದಿದ್ದರೆ ಅವಳು ಕೊಟ್ಟ ಮಾತು ಸುಳ್ಳಾಗುತ್ತಿತ್ತು. ಅಂತಿಗೊನೆ ಹೋಗದಿದ್ದರೆ ಅಣ್ಣನಿಗೆ ಮಣ್ಣಾಗುತ್ತಿರಲಿಲ್ಲ. ಗೆಲಿಲಿಯೋ ಸುಳ್ಳು ಹೇಳಿದರೆ ಭೂಮಿ ನಿಲ್ಲುವುದಿಲ್ಲ. ಗುರುಗ್ರಹದ ಚಂದ್ರರು ತಾವೇ ತಿರುಗುತ್ತಾರೆ. ಹಾಗಾದರೆ ಅವನು ಯಾಕೆ ಸಾಯಬೇಕು? ಆದರೆ ಅವನು ಮಂಡಿಯೂರಿದ್ದನ್ನು ಯೋಚಿಸಿದರೆ ನನಗೆ ಅಳು ಬರುತ್ತದೆ. ಯಾಕೆ ಅಂತ ಗೊತ್ತಿಲ್ಲ."

ಅಷ್ಟೇ. ಉಪಸಂಹಾರ ಇಲ್ಲ. ನಮ್ಮಲ್ಲೇ ಒಬ್ಬರು, "ತೀರ್ಮಾನವೇ ಇಲ್ಲದ್ದು ಪ್ರಬಂಧವಲ್ಲ, ಹತ್ತಕ್ಕೆ ನಾಲ್ಕು ಕೊಡಿ" ಅಂದರು. ನನಗೆ ಮನಸ್ಸಾಗುತ್ತಿಲ್ಲ. ತಿಳಿದವರು ಹೇಳಿ.

---

ಇಬ್ಬರು ಮಕ್ಕಳ ತಂದೆ
ಜನವರಿ 6, ರಾತ್ರಿ 10:15

ಟೀಚರೇ, ಹುಡುಗಿ ಚೆನ್ನಾಗಿ ಯೋಚಿಸಿದ್ದಾಳೆ, ಒಪ್ಪುತ್ತೇನೆ. ಆದರೆ ಬರುವ ವರ್ಷ ಎಸ್ಸೆಸ್ಸೆಲ್ಸಿ. ಅಲ್ಲಿ ಪೇಪರ್ ತಿದ್ದುವವರಿಗೆ ಇವಳು ಯಾರು, ಏನು ಅಂತ ಗೊತ್ತಿರುವುದಿಲ್ಲ. ಪೀಠಿಕೆ ಇದೆಯಾ, ಉಪಸಂಹಾರ ಇದೆಯಾ ನೋಡಿ ಅಂಕ ಹಾಕುತ್ತಾರೆ. ಈಗಲೇ ಅಭ್ಯಾಸ ಮಾಡಿಸದಿದ್ದರೆ ನಷ್ಟ ಅವಳಿಗೇ. ನನ್ನ ದೊಡ್ಡ ಮಗನಿಗೆ ಹೀಗೇ ಆಯಿತು, ಅದಕ್ಕೆ ಹೇಳುತ್ತಿದ್ದೇನೆ.

---

ನಿವೃತ್ತ ಉಪನ್ಯಾಸಕ
ಜನವರಿ 7, ಬೆಳಿಗ್ಗೆ 6:20

ತಾಯಿ, ಮೂವತ್ತು ವರ್ಷ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದವನು ನಾನು. ಬೆಳಿಗ್ಗೆ ಎದ್ದು ಇದನ್ನು ಎರಡು ಸಲ ಓದಿದೆ.

ಈ ಮಗು ಬರೆದ ಮಾತನ್ನು ಜರ್ಮನಿಯ ಕಾರ್ಲ್ ಯಾಸ್ಪರ್ಸ್ ಎಂಬ ತತ್ತ್ವಜ್ಞಾನಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಬರೆದಿದ್ದ. ಅವನು ಎದುರುಬದುರು ಇಟ್ಟದ್ದು ಬ್ರೂನೋ ಮತ್ತು ಗೆಲಿಲಿಯೋ. ಇಟಲಿಯ ತತ್ತ್ವಜ್ಞಾನಿ ಜೋರ್ಡಾನೋ ಬ್ರೂನೋನನ್ನು ಧರ್ಮವಿರೋಧಿ ಎಂದು 1600ರ ಫೆಬ್ರವರಿ 17ರಂದು ರೋಮಿನ ಕಾಂಪೋ ದೆ ಫಿಯೋರಿ ಚೌಕದಲ್ಲಿ ಜೀವಂತ ಸುಟ್ಟರು. ಸುಮಾರು ಎಂಟು ವರ್ಷ ಸೆರೆಯಲ್ಲಿದ್ದರೂ ಅವನು ಕೊನೆಗೆ ಬಗ್ಗಲಿಲ್ಲ. ಯಾಸ್ಪರ್ಸ್ ಕೇಳುವುದು ಇದು: ಒಬ್ಬ ಸತ್ತ, ಇನ್ನೊಬ್ಬ ಒಪ್ಪಿಕೊಂಡು ಬದುಕಿದ, ಇಬ್ಬರೂ ತಮ್ಮ ಸತ್ಯಕ್ಕೆ ತಕ್ಕಂತೆಯೇ ನಡೆದರು ಅನ್ನಬಹುದಲ್ಲವೇ? ಕೆಲವು ಸತ್ಯಗಳು ನಾನು ಬಾಳಿದರೆ ಮಾತ್ರ ಇರುತ್ತವೆ. ನಾನು ಬಿಟ್ಟುಕೊಟ್ಟರೆ ಅವೂ ಹೋಗುತ್ತವೆ. ಇನ್ನು ಕೆಲವು ನಾನು ಇದ್ದರೂ ಇಲ್ಲದಿದ್ದರೂ ಇರುತ್ತವೆ. ಅವಕ್ಕಾಗಿ ಪ್ರಾಣ ಕೊಡುವುದು ಅವುಗಳ ಸ್ವಭಾವಕ್ಕೇ ಒಪ್ಪುವುದಿಲ್ಲ.

ಒಂಬತ್ತನೇ ತರಗತಿಯ ಹುಡುಗಿ ಯಾಸ್ಪರ್ಸ್‌ನನ್ನು ಓದಿರುವುದಿಲ್ಲ. ಪುಣ್ಯಕೋಟಿಯ ದಾರಿ ಹಿಡಿದು ತಾನೇ ನಡೆದು ಅಲ್ಲಿಗೆ ತಲುಪಿದ್ದಾಳೆ. ನಾಲ್ಕು ಅಂಕ ಕೊಟ್ಟರೆ ಈ ಮುದುಕನಿಗೆ ನೋವಾಗುತ್ತದೆ.

---

ಆಕಾಶ ವೀಕ್ಷಕ
ಜನವರಿ 7, ಬೆಳಿಗ್ಗೆ 8:05

ಉಳಿದ ಮಕ್ಕಳ ಪ್ರಬಂಧದ ಬಗ್ಗೆ ಮೊದಲು ಹೇಳಿಬಿಡುತ್ತೇನೆ. 'ಆದರೂ ಅದು ಚಲಿಸುತ್ತದೆ' ಅಂದನೆಂಬ ಕಥೆ ಮೊದಲು ಅಚ್ಚಾದದ್ದು 1757ರಲ್ಲಿ, ಲಂಡನ್ನಿನಲ್ಲಿದ್ದ ಜುಸೆಪ್ಪೆ ಬರೆಟ್ಟಿ ಎಂಬ ಇಟಲಿಯವನ ಪುಸ್ತಕದಲ್ಲಿ. ವಿಚಾರಣೆ ನಡೆದದ್ದು 1633ರಲ್ಲಿ. ನಡುವೆ 124 ವರ್ಷ. ತೀರ್ಪು ಕೊಡುವ ಚರ್ಚಿನ ಹಿರಿಯರಾದ ಕಾರ್ಡಿನಲ್‌ಗಳ ಮುಂದೆ ಯಾರಾದರೂ ಹಾಗೆ ಕಾಲು ಒದ್ದು ಮಾತಾಡಿ ಮನೆಗೆ ಹೋಗುವುದು ಸಾಧ್ಯವೇ, ಮಕ್ಕಳನ್ನೇ ಕೇಳಿ.

ಎರಡನೆಯದು ಮುಖ್ಯವಾದದ್ದು, ಉಪನ್ಯಾಸಕರ ಮಾತಿಗೂ ತಾಗುತ್ತದೆ. 'ಭೂಮಿ ತಿರುಗುತ್ತದೆ' ಎಂಬುದು ಇವತ್ತು ನಮಗೆ ಗೊತ್ತಿರುವ ಸತ್ಯ. 1633ರಲ್ಲಿ ಅದಕ್ಕೆ ಪಕ್ಕಾ ಪುರಾವೆ ಇರಲಿಲ್ಲ. ಗುರುವಿನ ಸುತ್ತ ನಾಲ್ಕು ಚಂದ್ರರು ತಿರುಗುತ್ತಾರೆ ಅಂದರೆ, ಎಲ್ಲವೂ ಭೂಮಿಯನ್ನೇ ಸುತ್ತುತ್ತಿಲ್ಲ ಅಂತ ಆಯಿತು. ಭೂಮಿ ಚಲಿಸುತ್ತದೆ ಅಂತ ಆಗಲಿಲ್ಲ. ಶುಕ್ರನಿಗೂ ಚಂದ್ರನ ಹಾಗೆ ಬಿದಿಗೆ, ಹುಣ್ಣಿಮೆ ಇರುವುದನ್ನು ಅವನು 1610ರ ಕೊನೆಯಲ್ಲಿ ಕಂಡ. ಅದರಿಂದ, ಎಲ್ಲವೂ ಭೂಮಿಯನ್ನೇ ಸುತ್ತುತ್ತವೆ ಎಂಬ ಟಾಲೆಮಿಯ ಹಳೆಯ ಲೆಕ್ಕ ಬಿದ್ದುಹೋಯಿತು. ಆದರೆ ಟೈಕೋ ಬ್ರಾಹೆ ಇನ್ನೊಂದು ಲೆಕ್ಕ ಇಟ್ಟಿದ್ದ: ಗ್ರಹಗಳೆಲ್ಲ ಸೂರ್ಯನನ್ನು ಸುತ್ತುತ್ತವೆ, ಸೂರ್ಯ ಭೂಮಿಯನ್ನು ಸುತ್ತುತ್ತಾನೆ. ಶುಕ್ರನ ಬಿದಿಗೆ, ಹುಣ್ಣಿಮೆಗಳು ಅದಕ್ಕೂ ಸರಿಹೊಂದುತ್ತವೆ.

ಗೆಲಿಲಿಯೋ ತನ್ನ ದೊಡ್ಡ ಪುರಾವೆ ಅಂದುಕೊಂಡಿದ್ದದ್ದು ಸಮುದ್ರದ ಉಬ್ಬರವಿಳಿತ. ಭೂಮಿಯ ಎರಡು ಚಲನೆ ಸೇರಿ ನೀರು ತುಳುಕುತ್ತದೆ ಅಂದ. ಅದು ತಪ್ಪು, ಉಬ್ಬರಕ್ಕೆ ಮುಖ್ಯ ಕಾರಣ ಚಂದ್ರ. ಗ್ರಹಗಳ ದಾರಿ ದೀರ್ಘವೃತ್ತ ಎಂದು ಕೆಪ್ಲರ್ 1609ರಲ್ಲೇ ಬರೆದಿದ್ದರೂ ಗೆಲಿಲಿಯೋ ವೃತ್ತವನ್ನು ಬಿಡಲಿಲ್ಲ. ಭೂಮಿ ಸುತ್ತುವುದರಿಂದ ನಕ್ಷತ್ರದ ಜಾಗ ತುಸು ಸರಿದಂತೆ ಕಾಣಬೇಕು. ಅದನ್ನು ಬೆಸೆಲ್ ಅಳೆದು ತೋರಿಸಿದ್ದು 1838ರಲ್ಲಿ, ಗೆಲಿಲಿಯೋ ಸತ್ತು ಸುಮಾರು ಇನ್ನೂರು ವರ್ಷಕ್ಕೆ.

ಇದರಿಂದ ಅವನು ಚಿಕ್ಕವನಾಗುವುದಿಲ್ಲ. ಪೂರ್ತಿ ಸಾಬೀತಾಗದ ಮಾತಿನ ಪರ ನಿಲ್ಲುವುದಕ್ಕೆ ಹೆಚ್ಚು ಎದೆಗಾರಿಕೆ ಬೇಕು. ಆದರೆ 'ಚಂದ್ರರು ತಾವೇ ತಿರುಗುತ್ತಾರೆ' ಎಂಬುದು ಪೂರ್ತಿ ಉತ್ತರವಾಗುವುದಿಲ್ಲ. ಅವು ತಾವೇ ತಿರುಗುತ್ತವೆ, ನಿಜ. ಯಾರೋ ಒಬ್ಬರು ಕಣ್ಣಿಟ್ಟು 'ಇಲ್ಲಿ ನೋಡಿ' ಅನ್ನಬೇಕು. ಸಾವಿರಾರು ವರ್ಷ ತಿರುಗುತ್ತಲೇ ಇದ್ದವಲ್ಲ, ಯಾರಿಗೆ ಗೊತ್ತಿತ್ತು?

---

ರಂಗಕರ್ಮಿ
ಜನವರಿ 7, ಮಧ್ಯಾಹ್ನ 1:30

ಮೇಡಂ, ಅಂತಿಗೊನೆ ಹೇಳಿಕೊಟ್ಟಿದ್ದೀರಿ ಅಂತ ಓದಿ ಕುಣಿದಾಡುವಷ್ಟು ಖುಷಿಯಾಯಿತು. ನಮ್ಮವರಿಗೆ ಗ್ರೀಕ್ ರುದ್ರನಾಟಕ ಹೊಸದೇನಲ್ಲ. ಅಂತಿಗೊನೆ ಬರೆದ ಸೊಫೋಕ್ಲಿಸನ ಇನ್ನೊಂದು ನಾಟಕದ ಮೇಲೆಯೇ ಬಿ.ಎಂ.ಶ್ರೀ ತಮ್ಮ ಅಶ್ವತ್ಥಾಮನನ್ನು ಕಟ್ಟಿದರು, ಅಂತಿಗೊನೆಯನ್ನು ಲಂಕೇಶರು ಕನ್ನಡಕ್ಕೆ ತಂದಿದ್ದಾರೆ. ಆದರೂ ಪ್ರೌಢಶಾಲೆಯಲ್ಲಿ ಅದನ್ನು ಹೇಳುವವರು ಕಡಿಮೆ.

ನಿಮ್ಮ ಹುಡುಗಿಗೆ ಒಂದು ಮಾತು ತಲುಪಿಸಿ. ಗೆಲಿಲಿಯೋ ಪಕ್ಕದಲ್ಲಿ ಅಂತಿಗೊನೆಯನ್ನು ನಿಲ್ಲಿಸುವ ಮೊದಲು ಇಸ್ಮೇನೆಯನ್ನು ನಿಲ್ಲಿಸಿ ನೋಡಲಿ.

ಎಲ್ಲರೂ ಮರೆಯುವ ತಂಗಿ ಅವಳು. ನಾಟಕ ಶುರುವಾಗುವುದೇ ಅಕ್ಕತಂಗಿಯರ ಮಾತಿನಿಂದ. ಇಬ್ಬರು ಅಣ್ಣಂದಿರೂ ಒಬ್ಬರನ್ನೊಬ್ಬರು ಕೊಂದುಕೊಂಡಿದ್ದಾರೆ. ಸೋದರಮಾವ ಕ್ರೆಯಾನ್ ಈಗ ದೊರೆ. ಊರಿನ ಮೇಲೆ ದಂಡೆತ್ತಿ ಬಂದ ಅಣ್ಣ ಪಾಲಿನೈಕಿಸ್‌ನ ಹೆಣಕ್ಕೆ ಯಾರೂ ಮಣ್ಣು ಹಾಕಕೂಡದು ಎಂದು ಡಂಗುರ ಸಾರಿಸಿದ್ದಾನೆ. 'ನಾವು ಹೆಣ್ಣುಮಕ್ಕಳು, ಅಧಿಕಾರ ಇರುವವರ ಎದುರು ನಮ್ಮ ಬಲ ಎಷ್ಟು? ಸತ್ತವರು ನನ್ನನ್ನು ಕ್ಷಮಿಸಲಿ' ಎಂಬ ಅರ್ಥದಲ್ಲಿ ಇಸ್ಮೇನೆ ಹಿಂದೆ ಸರಿಯುತ್ತಾಳೆ. ಅವಳಿಗೂ ಅಣ್ಣನ ಮೇಲೆ ಪ್ರೀತಿ ಇದೆ, ಮಣ್ಣು ಹಾಕುವುದೇ ಸರಿ ಅಂತಲೂ ಗೊತ್ತು, ಹೆದರಿಕೆಯೂ ಇದೆ. ಅಕ್ಕ ಸಿಕ್ಕಿಬಿದ್ದಾಗ ಓಡಿ ಬಂದು 'ನಾನೂ ಜೊತೆಗಿದ್ದೆ' ಅನ್ನುತ್ತಾಳೆ. ಅಂತಿಗೊನೆ ಒಪ್ಪುವುದಿಲ್ಲ. ನೀನು ಬದುಕನ್ನು ಆರಿಸಿಕೊಂಡೆ, ನಾನು ಸಾವನ್ನು ಆರಿಸಿಕೊಂಡೆ ಅನ್ನುತ್ತಾಳೆ. ನಾಟಕದಲ್ಲಿ ನನ್ನ ಎದೆ ಹಿಂಡುವ ಜಾಗ ಅದು. ಗುಹೆಯಲ್ಲಿ ಅಂತಿಗೊನೆ ಸಾಯುತ್ತಾಳೆ, ಅವಳನ್ನು ಮದುವೆಯಾಗಬೇಕಿದ್ದ ಕ್ರೆಯಾನನ ಮಗ ಹೇಮೊನ್ ಸಾಯುತ್ತಾನೆ, ಅವನ ತಾಯಿ ಸಾಯುತ್ತಾಳೆ. ಇಸ್ಮೇನೆ ಬದುಕಿಯೇ ಇರುತ್ತಾಳೆ, ಆಮೇಲೆ ಅವಳ ಸುದ್ದಿಯೇ ಬರುವುದಿಲ್ಲ. ಆ ಮನೆಯಲ್ಲಿ ಒಬ್ಬಳೇ ಉಳಿದವಳ ದಿನಗಳು ಹೇಗಿದ್ದಿರಬಹುದು?

ಗೆಲಿಲಿಯೋ ಮಂಡಿಯೂರಿದಾಗ ಅವನಿಗೆ 69 ವರ್ಷ. ಆಮೇಲೆ ಎಂಟೂವರೆ ವರ್ಷ ಬದುಕಿದ. ಹುಡುಗಿಗೆ ಅಳು ಯಾಕೆ ಬಂತು ಅಂತ ಗೊತ್ತಿಲ್ಲವಂತೆ. ಇದಕ್ಕೇ ಇರಬೇಕು ಅನ್ನಿಸುತ್ತದೆ ನನಗೆ.

ಇನ್ನೊಂದು. ಗೆಲಿಲಿಯೋ ಬಗ್ಗೆಯೇ ನಾಟಕ ಬರೆದ ಬರ್ಟೋಲ್ಟ್ ಬ್ರೆಕ್ಟ್‌ಗೂ ಒಂದೇ ತೀರ್ಮಾನ ಸಾಲಲಿಲ್ಲ. ಹಿಟ್ಲರನ ಜರ್ಮನಿ ಬಿಟ್ಟು ಓಡಿ ಬಂದು 1938ರಲ್ಲಿ ಬರೆದಾಗ, ಶರಣಾದಂತೆ ನಟಿಸಿ ಗುಟ್ಟಾಗಿ ಪುಸ್ತಕ ಬರೆದು ಗಡಿ ದಾಟಿಸುವ ಜಾಣ ಮುದುಕನ ಹಾಗೆ ಅವನನ್ನು ಕಂಡ. 1945ರಲ್ಲಿ ಹಿರೋಷಿಮಾದ ಮೇಲೆ ಬಾಂಬು ಬಿದ್ದ ಮೇಲೆ ತಿದ್ದಿ ಬರೆದ. ಅದರಲ್ಲಿ ಗೆಲಿಲಿಯೋ ತನ್ನನ್ನು ತಾನೇ ಅಪರಾಧಿ ಎಂದುಕೊಳ್ಳುತ್ತಾನೆ, ವಿಜ್ಞಾನಿ ಅಧಿಕಾರಕ್ಕೆ ತಲೆಬಾಗುವ ಚಾಳಿ ಅಲ್ಲಿಂದಲೇ ಶುರುವಾಯಿತು ಎಂಬಂತೆ. ಬರೆದವನೇ ಉತ್ತರ ಬದಲಾಯಿಸಿದ ಪ್ರಶ್ನೆಗೆ ಹದಿನಾಲ್ಕು ವರ್ಷದ ಹುಡುಗಿ ನಲವತ್ತು ನಿಮಿಷದಲ್ಲಿ ಉಪಸಂಹಾರ ಬರೆಯಬೇಕೇ?

---

ಮಂಗಳೂರಿನ ಓದುಗಿ
ಜನವರಿ 7, ಸಂಜೆ 6:50

ಎಲ್ಲರೂ ಗೆಲಿಲಿಯೋನ ಒಳ್ಳೆಯ ಬದಿಯನ್ನೇ ನೋಡುತ್ತಿದ್ದೀರಿ. 1633ರ ಜೂನ್ 22ರಂದು ಅವನು ಓದಿದ ಪ್ರಮಾಣಪತ್ರದ ಅನುವಾದ ಓದಿದ್ದೇನೆ. ನನ್ನ ಮಾತನ್ನು ತೊರೆಯುತ್ತೇನೆ, ಶಪಿಸುತ್ತೇನೆ, ಹೇಸುತ್ತೇನೆ ಅಂದದ್ದು ಎಲ್ಲರಿಗೂ ಗೊತ್ತು. ಅದೇ ಕಾಗದದಲ್ಲಿ ಇನ್ನೊಂದು ಸಾಲಿದೆ: ಧರ್ಮವಿರೋಧಿ ಎಂದು ಸಂಶಯ ಇರುವ ಯಾರಾದರೂ ಗೊತ್ತಾದರೆ ಈ ನ್ಯಾಯಪೀಠಕ್ಕೆ ತಿಳಿಸುತ್ತೇನೆ.

ಸುಳ್ಳು ಹೇಳಿ ತಾನು ಉಳಿದುಕೊಳ್ಳುವುದು ಬೇರೆ, ಇನ್ನೊಬ್ಬರನ್ನು ಹಿಡಿದುಕೊಡುತ್ತೇನೆ ಅಂತ ಮಾತು ಕೊಡುವುದು ಬೇರೆ. ಮೊದಲನೆಯದರಿಂದ ಚಂದ್ರರಿಗೆ ಏನೂ ಆಗುವುದಿಲ್ಲ, ನಿಜ. ಎರಡನೆಯದರಿಂದ ಮನುಷ್ಯರಿಗೆ ಆಗುತ್ತದೆ.

ಆಗಿಯೂ ಆಯಿತು. ಆ ಪ್ರಮಾಣಪತ್ರವನ್ನು ಊರೂರಿಗೆ ಕಳಿಸಿ ಗಣಿತದ ಪಂಡಿತರಿಗೆ ಓದಿ ಹೇಳಿಸಿದರು. ಹಾಲೆಂಡಿನಲ್ಲಿದ್ದ ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್‌ನನ್ನು ರೋಮಿನವರು ಅಲ್ಲಿ ಮುಟ್ಟುವಂತಿರಲಿಲ್ಲ. ಆದರೂ ಸುದ್ದಿ ಕೇಳಿದವನೇ, ಭೂಮಿಯ ಚಲನೆಯನ್ನು ಒಪ್ಪಿ ತಾನು ಬರೆದಿದ್ದ ಪುಸ್ತಕವನ್ನು ಅಚ್ಚಿಗೆ ಕೊಡದೆ ಒಳಗಿಟ್ಟ. ಅದು ಹೊರಬಂದದ್ದು 1664ರಲ್ಲಿ, ಅವನು ಸತ್ತ ಮೇಲೆ.

ನಮ್ಮ ಮನೆಯಲ್ಲಿ ಅಜ್ಜಿ ಒಂದು ಮಾತು ಹೇಳುತ್ತಿದ್ದರು: ಹೆದರಿದವನಿಗೆ ಬೈಯಬೇಡ, ಹೆದರಿಸಿದವನ ಹೆಸರು ಹೇಳು. ಆ ಹುಡುಗಿಯ ಪ್ರಬಂಧದಲ್ಲಿ ಹುಲಿ ಇದೆ, ಕ್ರೆಯಾನ್ ಇದ್ದಾನೆ. ಗೆಲಿಲಿಯೋನನ್ನು ಹೆದರಿಸಿದವರು ಎಲ್ಲೂ ಇಲ್ಲ. ಪ್ರಶ್ನೆಯಲ್ಲೂ ಇಲ್ಲ, ಟೀಚರೇ. 'ಗೆಲಿಲಿಯೋ ಮಾಡಿದ್ದು ಸರಿಯೇ' ಅಂತ ಕೇಳಿದ್ದೀರಿ. ಚಿತ್ರಹಿಂಸೆಯ ಬೆದರಿಕೆ ಹಾಕಿ ಮುದುಕನನ್ನು ಮಂಡಿಯೂರಿಸಿದ್ದು ಸರಿಯೇ ಅಂತ ಕೇಳಲಿಲ್ಲ.

---

ಹಳ್ಳಿ ಶಾಲೆ ಟೀಚರ್
ಜನವರಿ 7, ರಾತ್ರಿ 10:30

ಓದುಗಿಯವರೇ, ನಿಮ್ಮ ಕೊನೆಯ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಿಜ. ಪ್ರಶ್ನೆ ಬರೆಯುವಾಗಲೇ ನಾನು ಅವನನ್ನು ಕಟಕಟೆಯಲ್ಲಿ ನಿಲ್ಲಿಸಿಬಿಟ್ಟಿದ್ದೆ. ಮಕ್ಕಳು ಅದಕ್ಕೇ ವಕೀಲರ ಹಾಗೆ ಬರೆದರು. ಕಾಲು ಒದ್ದ ಕಥೆ ಹಿಡಿದುಕೊಂಡದ್ದೂ ಅವನನ್ನು ಬಿಡಿಸಿಕೊಳ್ಳಲೇ ಇರಬೇಕು.

ತಂದೆಯವರೇ, ನಿಮ್ಮ ಚಿಂತೆ ನನ್ನ ಚಿಂತೆಯೂ ಹೌದು. ಪರೀಕ್ಷೆಗೆ ಬೇಕಾದ ಚೌಕಟ್ಟನ್ನು ಕಲಿಸುತ್ತೇನೆ, ಬಿಡುವುದಿಲ್ಲ. ತಿಂಗಳಿಗೊಂದು ಪ್ರಬಂಧವಾದರೂ ಅದರ ಹೊರಗೆ ಇರಲಿ ಅನ್ನುವುದಷ್ಟೇ ನನ್ನ ಆಸೆ.

---

ನಿವೃತ್ತ ಉಪನ್ಯಾಸಕ
ಜನವರಿ 8, ಬೆಳಿಗ್ಗೆ 6:10

ಓದುಗಿಯವರ ಮಾತಿನಿಂದ ನನ್ನ ನಿನ್ನೆಯ ಮಾತನ್ನು ತಿದ್ದಿಕೊಳ್ಳಬೇಕಾಗಿದೆ. ಆಕಾಶದ ಸತ್ಯಕ್ಕೆ ಗೆಲಿಲಿಯೋ ಬೇಕಿರಲಿಲ್ಲ, ಡೆಕಾರ್ಟ್‌ಗೆ ಬೇಕಿತ್ತು. ಯಾಸ್ಪರ್ಸ್ ಮಾಡಿದ ವಿಂಗಡಣೆ ಚೆಲುವಾಗಿದೆ, ಆದರೆ ವಿಜ್ಞಾನವೂ ಜನ ಕೂಡಿ ಮಾಡುವ ಕೆಲಸ ಎಂಬುದಕ್ಕೆ ಅದರಲ್ಲಿ ಜಾಗ ಸಾಲದು.

ಆದರೂ ಅವನ ಪರವಾಗಿ ಒಂದು ಮಾತು. ರೋಮಿನಿಂದ ಸಿಯೆನಾಗೆ, ಅಲ್ಲಿಂದ ಫ್ಲಾರೆನ್ಸ್ ಪಕ್ಕದ ಆರ್ಚೆಟ್ರಿಯ ಮನೆಗೆ ಕಳಿಸಿದರು. ಗೃಹಬಂಧನ. ವಾರಕ್ಕೊಮ್ಮೆ ಏಳು ಪಶ್ಚಾತ್ತಾಪದ ಕೀರ್ತನೆ ಓದಬೇಕು, ಮೂರು ವರ್ಷ, ಅದೂ ಶಿಕ್ಷೆಯ ಭಾಗ. ಸನ್ಯಾಸಿನಿಯಾಗಿದ್ದ ಮಗಳು ಮರಿಯಾ ಚೆಲೆಸ್ತೆ ಆ ಓದನ್ನು ತಾನು ವಹಿಸಿಕೊಂಡಳು. ಮರುವರ್ಷವೇ ಅವಳು ತೀರಿಕೊಂಡಳು, 33 ವಯಸ್ಸಿಗೆ. 1638ರ ಹೊತ್ತಿಗೆ ಇವನ ಎರಡೂ ಕಣ್ಣು ಹೋದವು. ಅದೇ ವರ್ಷ ಹಾಲೆಂಡಿನ ಲೈಡನ್ನಿನಲ್ಲಿ ಅವನ ಕೊನೆಯ ಪುಸ್ತಕ ಅಚ್ಚಾಯಿತು. ಬೀಳುವ ವಸ್ತುವಿನ ವೇಗ ಹೇಗೆ ಏರುತ್ತದೆ, ತೊಲೆ ಎಷ್ಟು ಭಾರ ತಾಳುತ್ತದೆ ಎಂಬುದೆಲ್ಲ ಅದರಲ್ಲಿದೆ. ನಾವು ಶಾಲೆಯಲ್ಲಿ ಓದುವ ಚಲನೆಯ ಪಾಠದ ಬೇರು ಅಲ್ಲಿದೆ. 'ನನಗೆ ಗೊತ್ತಿಲ್ಲದೆಯೇ ಹಸ್ತಪ್ರತಿ ಅಚ್ಚಾಗಿಬಿಟ್ಟಿತು' ಎಂಬಂತೆ ಅರ್ಪಣೆಯಲ್ಲಿ ಬರೆದುಕೊಂಡ. ಅದೂ ನಿಜವಲ್ಲ. ಎರಡನೆಯ ಸುಳ್ಳು. ಮಂಡಿಯೂರದೆ ಬ್ರೂನೋ ದಾರಿ ಹಿಡಿದಿದ್ದರೆ ಈ ಪುಸ್ತಕ ಇರುತ್ತಿರಲಿಲ್ಲ.

ಸಾಕ್ರಟೀಸ್‌ಗೆ ವಿಷ ಕೊಟ್ಟಾಗ ಅವನಿಗೆ 70. ಓಡಿಹೋಗಲು ಗೆಳೆಯರು ದಾರಿ ಮಾಡಿದ್ದರೂ ಹೋಗಲಿಲ್ಲ. ಹೆಚ್ಚುಕಡಿಮೆ ಅದೇ ವಯಸ್ಸಿನ ಇಬ್ಬರು ಮುದುಕರು. ಇಬ್ಬರಿಗೂ ಕೈ ಮುಗಿಯುವುದನ್ನು ಇಷ್ಟು ವರ್ಷ ಮಾಡಿಕೊಂಡು ಬಂದಿದ್ದೇನೆ, ಒಬ್ಬರನ್ನು ಬಿಡಲು ನನ್ನಿಂದ ಆಗಿಲ್ಲ.

---

ಇಬ್ಬರು ಮಕ್ಕಳ ತಂದೆ
ಜನವರಿ 8, ಬೆಳಿಗ್ಗೆ 9:00

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಮಕ್ಕಳಿಗೆ ಇದನ್ನೆಲ್ಲ ಓದಿ ಹೇಳಿದೆ. ಗೆಲಿಲಿಯೋ ಮಾಡಿದ್ದು ಸರಿ ಅಂತ ದೊಡ್ಡವನು, ತಪ್ಪು ಅಂತ ಚಿಕ್ಕವಳು. ಹನ್ನೊಂದು ಗಂಟೆಯಾದರೂ ಮಲಗಲಿಲ್ಲ. ನಮ್ಮ ಮನೆಯಲ್ಲಿ ಪ್ರಬಂಧದ ವಿಷಯವನ್ನು ಊಟದ ಹೊತ್ತಿನಲ್ಲಿ ಮಾತಾಡಿದ್ದು ಇದೇ ಮೊದಲು. ನಾಲ್ಕು ಅಂಕ ಕೊಡಬೇಡಿ, ಟೀಚರೇ.

---

ಆಕಾಶ ವೀಕ್ಷಕ
ಜನವರಿ 8, ಸಂಜೆ 5:15

ಮೇಡಂ, ಇಷ್ಟೆಲ್ಲ ಮಾತಾಡಿದ್ದೇವೆ, ಮಕ್ಕಳು ಆ ಚಂದ್ರರನ್ನು ಕಂಡಿದ್ದಾರಾ? ಈ ಜನವರಿ (2026) ಅದಕ್ಕೆ ಹೇಳಿ ಮಾಡಿಸಿದ ಕಾಲ. 10ನೇ ತಾರೀಕಿಗೆ ಗುರು ಸೂರ್ಯನಿಗೆ ಸರಿಯಾಗಿ ಎದುರು ಬರುತ್ತಾನೆ. ಕತ್ತಲಾಗುತ್ತಿದ್ದಂತೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಮಿಥುನ ರಾಶಿಯಲ್ಲಿ, ಮಿನುಗದೆ ಹೊಳೆಯುವ ದಪ್ಪ ಚುಕ್ಕೆಯೇ ಅವನು. ದೂರದರ್ಶಕ ಬೇಕಿಲ್ಲ, 10x50 ಬೈನಾಕ್ಯುಲರ್ ಸಾಕು. ಕೈಯಲ್ಲಿ ಹಿಡಿದರೆ ನಡುಗುತ್ತದೆ, ಕಿಟಕಿ ಕಟ್ಟೆಗೋ ಕಾಂಪೌಂಡ್ ಗೋಡೆಗೋ ಒರಗಿಸಿ. ಗುರುವಿನ ಅಕ್ಕಪಕ್ಕ ಒಂದೇ ಗೆರೆಯಲ್ಲಿ ಸಣ್ಣ ಸಣ್ಣ ಚುಕ್ಕೆ ಕಾಣುತ್ತವೆ. ಒಮ್ಮೊಮ್ಮೆ ನಾಲ್ಕೂ, ಒಮ್ಮೊಮ್ಮೆ ಎರಡು ಮೂರು.

ಒಂದು ದಿನ ನೋಡಿ ಬಿಡಬೇಡಿ. ಗೆಲಿಲಿಯೋ 1610ರ ಜನವರಿ 7ರಂದು ನೋಡಿದಾಗ ಕಂಡದ್ದು ಮೂರು, ಪೂರ್ವಕ್ಕೆ ಎರಡು, ಪಶ್ಚಿಮಕ್ಕೆ ಒಂದು. ನಕ್ಷತ್ರ ಅಂದುಕೊಂಡ. ಮರುದಿನ ನೋಡಿದರೆ ಮೂರೂ ಪಶ್ಚಿಮಕ್ಕೆ ಬಂದಿದ್ದವು. ಅಲ್ಲಿಂದ ಅವನಿಗೆ ನಿದ್ದೆ ಹತ್ತಿರಲಿಕ್ಕಿಲ್ಲ. 10ಕ್ಕೆ ಎರಡೇ, ಅವೂ ಪೂರ್ವಕ್ಕೆ. 13ಕ್ಕೆ ನಾಲ್ಕನೆಯದು ಸಿಕ್ಕಿತು. ದಿನಾ ಒಂದು ಸಾಲು, ನಡುವೆ ದೊಡ್ಡ ಸೊನ್ನೆ, ಪಕ್ಕದಲ್ಲಿ ಚುಕ್ಕೆ. ಅಷ್ಟೇ ಬರೆದಿಟ್ಟ. ಆ ನಾಲ್ಕು ಚಂದ್ರರಲ್ಲಿ ಅಯೋ ಎರಡು ದಿನದೊಳಗೇ ಒಂದು ಸುತ್ತು ಮುಗಿಸುತ್ತದೆ, ಕ್ಯಾಲಿಸ್ಟೋಗೆ ಹದಿನೇಳು ದಿನದ ಹತ್ತಿರ ಬೇಕು. ಮಕ್ಕಳು ಒಂದು ವಾರ ಬರೆದರೆ ಸಾಕು, ಯಾರೂ ಹೇಳಿಕೊಡದೆ ಇದು ಅವರಿಗೇ ಕಾಣುತ್ತದೆ.

---

ಹಳ್ಳಿ ಶಾಲೆ ಟೀಚರ್
ಜನವರಿ 15, ರಾತ್ರಿ 9:20

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ವಿಜ್ಞಾನದ ಮೇಷ್ಟ್ರು ಯಾರಿಂದಲೋ ಬೈನಾಕ್ಯುಲರ್ ಕೇಳಿ ತಂದರು. ಶಾಲೆ ಹತ್ತಿರದ ಮಕ್ಕಳು ಐದು ಸಂಜೆ ಬಂದರು. ಕಾಂಪೌಂಡ್ ಗೋಡೆಯ ಮೇಲೆ ಮರಳಿನ ಚೀಲ ಇಟ್ಟು ಅದರ ಮೇಲೆ ಕೂರಿಸಿದೆವು. ಒಬ್ಬೊಬ್ಬರಾಗಿ ನೋಡಿ, ಮುಂದಿನವರಿಗೆ ಜಾಗವೇ ಬಿಡುತ್ತಿರಲಿಲ್ಲ.

ಪ್ರಬಂಧಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟೆ. ಒಂದು ಅಂಕ ಹಿಡಿದದ್ದು ಹೆದರಿಸಿದವರನ್ನು ಬರೆಯದೆ ಬಿಟ್ಟದ್ದಕ್ಕೆ. ಅದು ಅವಳಿಗಿಂತ ನನ್ನ ಪ್ರಶ್ನೆಯ ತಪ್ಪು ಎಂದೂ ಅವಳ ಪುಸ್ತಕದಲ್ಲೇ ಬರೆದು ಸಹಿ ಮಾಡಿದೆ. ಇಸ್ಮೇನೆಯ ಮಾತನ್ನು ಹೇಳಿದಾಗ ಅವಳು ಏನೂ ಮಾತಾಡಲಿಲ್ಲ. ಮರುದಿನ ಬಂದು, "ಮೇಡಂ, ಅವಳಿಗೆ ಆಮೇಲೆ ಊಟ ಮಾಡಿಸಿದ್ದು ಯಾರು?" ಅಂತ ಕೇಳಿದಳು.

ಅವಳ ಆಕಾಶದ ಹಾಳೆ ನನ್ನ ಮುಂದಿದೆ. ಐದು ಸಾಲು. ನಾಲ್ಕರಲ್ಲಿ ನಡುವೆ ಸೊನ್ನೆ, ಪಕ್ಕದಲ್ಲಿ ಚುಕ್ಕೆ. ಜನವರಿ 12ರ ಸಂಜೆ ನಮಗೆ ಏನೂ ಕಾಣಲಿಲ್ಲ. ಉಳಿದವರಲ್ಲಿ ಕೆಲವರು ಹಿಂದಿನ ದಿನದ್ದನ್ನೂ ಮರುದಿನದ್ದನ್ನೂ ನೋಡಿ ಅಂದಾಜಿನ ಮೇಲೆ ಚುಕ್ಕೆ ಇಟ್ಟಿದ್ದಾರೆ. ಇವಳು ಆ ಸಾಲಿನಲ್ಲಿ 'ಮೋಡ' ಎಂದಷ್ಟೇ ಬರೆದಿದ್ದಾಳೆ.

---

ಆಕಾಶ ವೀಕ್ಷಕ
ಜನವರಿ 15, ರಾತ್ರಿ 9:45

ಗೆಲಿಲಿಯೋನ ಪುಸ್ತಕದಲ್ಲಿ 1610ರ ಜನವರಿ 9ಕ್ಕೂ ಚಿತ್ರವಿಲ್ಲ. ಆಕಾಶವೆಲ್ಲ ಮೋಡ ಕವಿದಿತ್ತು ಎಂದು ಬರೆದು ಮುಂದಿನ ದಿನಕ್ಕೆ ಹೋಗಿದ್ದಾನೆ. ಅವಳಿಗೆ ಇದನ್ನು ಹೇಳಿ, ಮೇಡಂ.